ಒದ್ದೆ ಬಟ್ಟೆಗೆ ಬಿಡದ ಬಣ್ಣ

ನಮ್ಮ ಯಜಮಾನರು ಹೊಸ ಕೆಲಸಕ್ಕೆ ಸೇರಿದ ಮೊದಲ ದಿನವೇ ನಮ್ಮ ಮನೆಯ ನೀರಿಗೇ ಕತ್ತರಿ ಹಾಕಿದರು. ಬೇರೆಯವರ ಗಂಡಂದಿರು ಕೆಲಸ ಸಿಕ್ಕಿದರೆ ಜಿಲೇಬಿ ಪೊಟ್ಟಣ ತರುತ್ತಾರೆ. ಇವರು ಪುರಸಭೆ ಕೊಟ್ಟ ಬಣ್ಣದ ಪಟ್ಟಿ ಹಿಡಿದುಕೊಂಡು ಸೀದಾ ನಮ್ಮ ಹಿತ್ತಲಿಗೆ ನಡೆದು, ಕಲ್ಲುಗೋಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ನಮ್ಮ ಮುಂಗುಸಿಯನ್ನು ಕಾಲು ಗಂಟೆ ದಿಟ್ಟಿಸಿ, "ಇದು ಕಪ್ಪಲ್ಲ ಕಣೇ. ಬೂದು. ಸ್ವಲ್ಪ ಗಾಢ, ಅಷ್ಟೆ" ಎಂದರು. ಹತ್ತು ವರ್ಷದಿಂದ ಕಪ್ಪೆಂದೇ ದಾಖಲಾಗಿದ್ದ ಮುಂಗುಸಿ. ಮಾರನೆಯ ದಿನ ಪುರಸಭೆಯವರು ಬಂದು ನಮ್ಮ ನಲ್ಲಿಯನ್ನು ಕಪ್ಪು ಪೈಪಿನಿಂದ ಬಿಚ್ಚಿ ಬೂದು ಪೈಪಿಗೆ ಕೂಡಿಸಿ ಹೋದರು. ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದ ನೀರು ಅಂದಿನಿಂದ ವಾರಕ್ಕೊಮ್ಮೆಯಾಯಿತು.

ನಮ್ಮೂರಿನಲ್ಲಿ ನೀರು ಬರುವುದೇ ಹಾಗೆ. ಯಾರ ಹಿತ್ತಲಲ್ಲಿ ಬಿಳಿ ಮುಂಗುಸಿ ಇದೆಯೋ ಅವರಿಗೆ ದಿನಾ ನೀರು. ಕೆಂಪು ಇದ್ದರೆ ದಿನ ಬಿಟ್ಟು ದಿನ. ಕಪ್ಪಿಗೆ ನಾಲ್ಕು ದಿನಕ್ಕೊಮ್ಮೆ. ಉಳಿದ ಬೂದು ಮನೆಗಳಿಗೆಲ್ಲ ಸೇರಿ ಶನಿವಾರ ಒಂದು ದಿನ. ಬಣ್ಣಕ್ಕೊಂದು ಪೈಪು, ಆಯಾ ಪೈಪಿಗೆ ಆಯಾ ಬಣ್ಣ ಬಳಿದಿದ್ದಾರೆ. ಬಿಳಿ ಮನೆಗಳು ಊರಿಗೆಲ್ಲ ಹನ್ನೊಂದು, ಕೆಂಪು ನಲವತ್ತರ ಮೇಲೆ, ಕಪ್ಪು ನೂರರ ಹತ್ತಿರ. ಮಿಕ್ಕ ಐನೂರು ಚಿಲ್ಲರೆ ಮನೆಗಳು ಬೂದು. ಶನಿವಾರ ಅಷ್ಟೂ ಮನೆಗಳಿಗೆ ಒಂದೇ ಟ್ಯಾಂಕು ಹಂಚಿ ನಮ್ಮ ನಲ್ಲಿಗೆ ಬರುವ ಹೊತ್ತಿಗೆ ನೀರು ಹೂ ಕಟ್ಟುವ ದಾರದಷ್ಟು ಸಣ್ಣಗಾಗಿರುತ್ತಿತ್ತು. ಗಂಡು ನೋಡಲು ಹೋದವರು ಹುಡುಗನ ಓದು ಕೇಳುವ ಮೊದಲು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬರುತ್ತಿದ್ದರು.

ಹಿಂದೆ ಬಣ್ಣದ ತಪಾಸಣೆಗಿದ್ದವನು ಕಾಫಿ ಕೊಟ್ಟವರ ಮುಂಗುಸಿಯನ್ನೆಲ್ಲ ಕೆಂಪು ಮಾಡಿದ್ದ. ಅವನು ಹೋದ ಮೇಲೆ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಮ್ಮ ಯಜಮಾನರಾದ ಅಶ್ವತ್ಥಯ್ಯನವರನ್ನು ಆ ಜಾಗಕ್ಕೆ ಕರೆದು ಕೂರಿಸಿದರು. ಇವರಿಗೆ ಬಣ್ಣದಲ್ಲಿ ಮೋಸ ಮಾಡುವುದು ಸಾಧ್ಯವಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಪ್ರೀತಿಯಿಂದ "ಈ ನೀಲಿ ಸೀರೆ ಹೇಗಿದೆ?" ಎಂದರೆ "ನೀಲಿಯಲ್ಲ, ಅದರಲ್ಲಿ ಹಸಿರು ಸೇರಿದೆ" ಎಂದ ಮನುಷ್ಯ.

ಹಿತ್ತಲುಗಳಲ್ಲಿ ಏನೇನು ನಡೆಯುತ್ತಿತ್ತು ಎಂಬುದು ಇವರು ಹೇಳಿದ ಮೇಲೆ ಗೊತ್ತಾಯಿತು. ಮುಂಗುಸಿಗೆ ಸುಣ್ಣ ಬಳಿದವರಿದ್ದರು. ಕುಂಕುಮ ಕಲಸಿ ಹಚ್ಚಿದವರಿದ್ದರು. ಒಬ್ಬಾಕೆ ದೋಸೆಹಂಚಿನ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ತಿಕ್ಕಿ ಕಪ್ಪು ಮಾಡಿದ್ದಳು. ಇವರು ಜೇಬಿನಿಂದ ಬಟ್ಟೆ ತೆಗೆದು ಒದ್ದೆ ಮಾಡಿ ಬೆನ್ನು ಒರೆಸುತ್ತಿದ್ದರು. ಬಟ್ಟೆಗೆ ಬಣ್ಣ ಬಿಟ್ಟರೆ ಬೂದು. ಒದ್ದೆ ಬಟ್ಟೆಗೆ ಬಿಡದ್ದೇ ನಿಜವಾದ ಬಣ್ಣ ಎಂದು ಪುರಸಭೆಯ ನಿಯಮದ ಪುಸ್ತಕದಲ್ಲೂ ಇತ್ತು. ಮೂರು ತಿಂಗಳಲ್ಲಿ ಎಪ್ಪತ್ತು ಮನೆಗಳವರು ನಮ್ಮ ಜೊತೆ ಮಾತು ಬಿಟ್ಟರು.

ಊರಿನಲ್ಲಿ ಇವರಿಗೆ ಮರ್ಯಾದೆ ಕೊಡುತ್ತಿದ್ದವರು ಹನ್ನೊಂದು ಬಿಳಿ ಮನೆಯವರು ಮಾತ್ರ, ಏಕೆಂದರೆ ಅವರ ಬಿಳಿ ನಿಜವಾದ ಬಿಳಿ. ಅವರಲ್ಲಿ ಮುಖ್ಯರು ಕೌನ್ಸಿಲರ್ ದೊಡ್ಡರಂಗಪ್ಪನವರು. ಅವರ ಮುಂಗುಸಿ ಬೆಳಿಗ್ಗೆ ಎರಡು ಮೊಟ್ಟೆ ತಿಂದು, ಸಂಜೆ ಬಟ್ಟಲು ಹಾಲು ಕುಡಿದು ದಿಂಬಿನಂತೆ ಊದಿತ್ತು. ಬಿಳಿ ಮೈ ಆಕಾಶದಿಂದ ಚೆನ್ನಾಗಿ ಕಾಣುತ್ತದಲ್ಲ, ಹದ್ದು ಎರಗಬಾರದೆಂದು ಅದು ಅಂಗಳ ದಾಟುವಾಗ ದೊಡ್ಡರಂಗಪ್ಪನವರೇ ಕೊಡೆ ಹಿಡಿದು ಹಿಂದೆ ನಡೆಯುತ್ತಿದ್ದರು. ಕಾಡಿನಲ್ಲಾದರೆ ಒಂದು ದಿನ ಬದುಕದ ಪ್ರಾಣಿ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಬದುಕುತ್ತಿತ್ತು.

ನಮ್ಮವರಿಗೆ ಇದೇ ಒಂದು ಹುಚ್ಚಾಯಿತು. ಒಂದು ನೋಟುಬುಕ್ಕು ಮಾಡಿಕೊಂಡು ಯಾವ ಬಣ್ಣಕ್ಕೆ ಏನು ಲಾಭ ಎಂದು ಬರೆಯತೊಡಗಿದರು. ಕಪ್ಪು ಮುಂಗುಸಿ ಚಳಿಗಾಲದ ಬಿಸಿಲನ್ನು ಬೇಗ ಹೀರಿಕೊಂಡು ಬೇರೆಯವಕ್ಕಿಂತ ಮೊದಲೇ ಬೇಟೆಗೆ ಹೊರಡುತ್ತದಂತೆ. ಕೆಂಪಿನದು ಕೆಮ್ಮಣ್ಣಿನ ಬದುವಿನಲ್ಲಿ ಕಣ್ಣಿಗೇ ಬೀಳುವುದಿಲ್ಲವಂತೆ. ಬೂದು ನಮ್ಮ ಕಲ್ಲುಗೋಡೆಗಳ ಮೇಲೆ ಕೂತರೆ ಕಲ್ಲೇ ಆಗಿಬಿಡುತ್ತದಂತೆ, ಹದ್ದು ಮೂರು ಸುತ್ತು ಹಾಕಿ ಬೇಸತ್ತು ಹೋಗುತ್ತದಂತೆ. ಬಿಳಿಯ ಮುಂದೆ ಮಾತ್ರ ಒಂದೇ ಸಾಲು: "ಬಿಳಿಗೆ ಜನವೇ ಬೇಲಿ."

"ಇಷ್ಟೆಲ್ಲ ಬರೀತೀರಲ್ಲ, ಬೂದು ಮುಂಗುಸಿ ಇರೋ ಮನೆಯವರಿಗೆ ಏನು ಲಾಭ ಅಂತಲೂ ಬರೀರಿ" ಎಂದೆ, ಒಂದು ತಂಬಿಗೆ ನೀರಿನಲ್ಲಿ ಆರು ತಟ್ಟೆ ತೊಳೆಯುತ್ತ.

"ಅದಿನ್ನೂ ಗಮನಕ್ಕೆ ಬಂದಿಲ್ಲ" ಎಂದರು, ವ್ಯಂಗ್ಯವಿಲ್ಲದೆ.

ನಮ್ಮ ಗೋಡೆಯಾಚೆ ಹೊನ್ನಾಜಮ್ಮನ ಮನೆ. ಗಂಡ ಹೋಗಿ ಹತ್ತು ವರ್ಷ. ಹಪ್ಪಳ ಒತ್ತಿ ಬದುಕುತ್ತಿದ್ದಳು. ಅವಳ ಹಿತ್ತಲಿನ ಮುಂಗುಸಿ ಬೂದುಗಳಲ್ಲೇ ಬೂದು. ಯಾರೂ ಒಂದು ಮೊಟ್ಟೆ ಹಾಕದಿದ್ದರೂ ಇಲಿ, ಓತಿಕೇತ, ಒಮ್ಮೊಮ್ಮೆ ಹಾವು ಹಿಡಿದುಕೊಂಡು ಚೂಪಾಗಿ ಬದುಕಿತ್ತು. ಆ ಬೇಸಿಗೆಯಲ್ಲಿ ಹೊನ್ನಾಜಮ್ಮನ ಮಗಳು ಪುಟ್ಟತಾಯಿ ಚೊಚ್ಚಲ ಬಾಣಂತನಕ್ಕೆ ಬಂದಳು. ಬಂದಾಗಲೇ ಎಂಟು ತಿಂಗಳು. ಹೊನ್ನಾಜಮ್ಮ ಗೋಡೆಗೆ ಗದ್ದವಿಟ್ಟು ನಿಂತಳು.

"ಮೇಷ್ಟ್ರಮ್ಮ, ಬಾಣಂತಿಗೆ ದಿನಾ ಒಂದು ಹಂಡೆ ಎರೀಬೇಕು. ಕೂಸಿಗೆ ಬೇರೆ. ಬಟ್ಟೆ ಬೇರೆ. ಶನಿವಾರದ ನೀರು ಸೋಮವಾರಕ್ಕೇ ಮುಗೀತದೆ. ಏನ್ ಮಾಡ್ಲಿ ಹೇಳಿ?"

ನಮ್ಮ ಮನೆಯಲ್ಲೂ ಅದೇ ಶನಿವಾರ. ಕೊಡುತ್ತೇನೆ ಎನ್ನಲು ನನ್ನಲ್ಲೂ ಇರಲಿಲ್ಲ.

"ನಮ್ಮ ಮುಂಗುಸಿ ಸಾಯಂಕಾಲದ ಬಿಸಿಲಿನಾಗೆ ಕೆಂಪಗೇ ಕಾಣ್ತದೆ ಕಣಮ್ಮ" ಎಂದಳು ಮೆಲ್ಲಗೆ. "ಮೇಷ್ಟ್ರಿಗೆ ಒಂದು ಮಾತು ಹೇಳ್ನೋಡಿ."

ಊಟಕ್ಕೆ ಬಡಿಸುತ್ತ ಹೇಳಿ ನೋಡಿದೆ. ಇವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ಕೆಂಪಗಿರೋದು ಬಿಸಿಲು ಕಣೇ, ಮುಂಗುಸಿ ಅಲ್ಲ."

"ಒಂದು ಅಕ್ಷರದ ಮಾತು. ಒಂದು ಜೀವ ಇನ್ನೊಂದು ಜೀವ ಹಡೀತಿದೆ."

"ಇವತ್ತು ಅವಳಿಗೆ ಬರೆದರೆ, ಆ ಎಪ್ಪತ್ತು ಮನೆಯವರಿಗೆ ನಾನು ಯಾವ ಮುಖ ತೋರಿಸಲಿ? ಅಲ್ಲೂ ಜೀವಗಳೇ ಇದ್ದವು." ಇಷ್ಟು ಹೇಳಿ ಮಜ್ಜಿಗೆ ಹಾಕಿಸಿಕೊಂಡರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

ಮಾರನೆಯ ದಿನ ಇವರು ಪೇಟೆ ಕಡೆ ತಪಾಸಣೆಗೆ ಹೋದ ಮೇಲೆ ನಾನು ಗೋಡೆ ಹತ್ತಿರ ಹೋಗಿ, "ಹೊನ್ನಾಜಮ್ಮ, ಒದ್ದೆ ಬಟ್ಟೆಗೆ ಹೋಗದ ಬಣ್ಣ ಯಾವುದು ಹೇಳು?" ಎಂದೆ. ಅವಳು ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಳು. ನಮ್ಮ ಹಿತ್ತಲಿನ ಗೋರಂಟಿ ಗಿಡ ಆಳೆತ್ತರ ಬೆಳೆದು ನಿಂತಿತ್ತು.

ಸೊಪ್ಪನ್ನು ಟೀ ಡಿಕಾಕ್ಷನ್ ಹಾಕಿ ರುಬ್ಬಿದೆವು. ಕಡ್ಡಿಗೆ ಆನಿಸಿ ನಿಲ್ಲಿಸಿದ ಮಂಕರಿಯ ಕೆಳಗೆ ಮೊಟ್ಟೆ ಇಟ್ಟೆವು. ಹುಟ್ಟಿದಾಗಿನಿಂದ ಯಾರೂ ಒಂದು ತುತ್ತು ಹಾಕಿರದ ಮುಂಗುಸಿ ಪಾಪ ಮೋಸ ಹೋಯಿತು. ಆಮೇಲೆ ನಡೆದದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಬಣ್ಣ ಹಚ್ಚಲೆಂದು ಮಂಕರಿಯಿಂದ ಗೋಣಿಚೀಲಕ್ಕೆ ತುಂಬಿದೊಡನೆ ಅದು ಸುಂಟರಗಾಳಿಯಾಯಿತು. ನನ್ನ ಹೆಬ್ಬೆರಳಿನ ಬುಡ ಕಚ್ಚಿತು. ಹೊನ್ನಾಜಮ್ಮ ಅದರ ಕತ್ತು ಹಿಡಿದು, "ಸುಮ್ಕಿರು ನನ್ನಪ್ಪ, ಸುಮ್ಕಿರು, ಮದುವೆ ಗಂಡಾಗ್ತೀಯ" ಎಂದು ರಮಿಸಿದಳು. ಪುಟ್ಟತಾಯಿ ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಕೂತು ನಕ್ಕೂ ನಕ್ಕೂ ಕಣ್ಣೀರು ಹಾಕಿದಳು. ಇನ್ನೇನು ಇಲ್ಲೇ ಹಡೆಯುತ್ತಾಳೆಂದು ನಮಗೆ ಹೆದರಿಕೆಯಾಯಿತು. ಮೂರು ಗಂಟೆ ಮಂಕರಿಯೊಳಗಿಟ್ಟು ಬಿಟ್ಟಾಗ ಮುಂಗುಸಿ ಹೊಸ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನಮ್ಮಿಬ್ಬರ ಕೈಗಳೂ ಮೊಣಕೈವರೆಗೆ ಅದೇ ಬಣ್ಣ.

ಹೊನ್ನಾಜಮ್ಮ ಅರ್ಜಿ ಕೊಟ್ಟಳು. ವಾರದೊಳಗೆ ಇವರು ತಪಾಸಣೆಗೆ ಹೋದರು. ನಾನೂ ಗೋಡೆಯ ಈಚೆ ನಿಂತಿದ್ದೆ. ಇವರು ಮುಂಗುಸಿಯನ್ನು ನೋಡಿದರು, ಪಟ್ಟಿಯನ್ನು ನೋಡಿದರು, ಜೇಬಿನಿಂದ ಬಟ್ಟೆ ತೆಗೆದು ಒದ್ದೆ ಮಾಡಿ ಒರೆಸಿದರು. ಏನೂ ಬಿಡಲಿಲ್ಲ. ಇನ್ನೊಮ್ಮೆ ಒರೆಸಿದರು. ಆಮೇಲೆ ತಲೆಯೆತ್ತಿ, ಅಷ್ಟು ದಿನ ಸೆರಗಿನಲ್ಲಿ ಮರೆಸಿಟ್ಟು ಈಗ ಮರೆತು ಗೋಡೆಯ ಮೇಲಿಟ್ಟಿದ್ದ ನನ್ನ ಕೆಂಪು ಕೈಗಳನ್ನೂ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆಯನ್ನೂ ನೋಡಿದರು.

"ಯಾವ ಹಬ್ಬ?" ಎಂದು ಕೇಳಿದರು.

"ಯಾವ ಹಬ್ಬಾನೂ ಇಲ್ಲ" ಎಂದೆ.

ಅಷ್ಟರಲ್ಲಿ ಒಳಗಿನಿಂದ ಪುಟ್ಟತಾಯಿ ಬಂದು, ತುಂಬಿದ ಹೊಟ್ಟೆಯ ಭಾರಕ್ಕೆ ಸೊಂಟದ ಮೇಲೆ ಕೈಯಿಟ್ಟು, "ಕಾಫಿ ಕುಡೀತೀರಾ ಮೇಷ್ಟ್ರೇ? ಹಾಲಿದೆ, ನೀರು ಮಾತ್ರ ಸ್ವಲ್ಪ ಕಮ್ಮಿ" ಎಂದಳು. ಇವರು ಬೇಡವೆಂದು ಕೈಯಾಡಿಸಿ, ಬಹಳ ಹೊತ್ತು ಪೆನ್ನು ಹಿಡಿದು ನಿಂತು, ಏನೋ ಬರೆದು, ನನ್ನ ಕಡೆ ನೋಡದೆ ಹೋದರು. ಇವರು ಕೆಂಪು ಎಂದು ಬರೆದಿರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು. "ಒದ್ದೆ ಬಟ್ಟೆಗೆ ಬಿಡಲಿಲ್ಲ" ಎಂದಷ್ಟೇ ಬರೆದಿದ್ದರು. ಆ ಮೂರು ಪದಗಳ ಮರೆಯಲ್ಲಿ ತಮ್ಮ ಸತ್ಯವನ್ನು ಬಚ್ಚಿಟ್ಟಿದ್ದರು. ಗುಮಾಸ್ತ ಅದನ್ನು ಓದಿ ಕೆಂಪು ಪೈಪು ಹಾಕಿಸಿದ. ಅಂದಿನಿಂದ ಇವರು ಮನೆಯಲ್ಲಿ ಮಾತು ಕಡಿಮೆ ಮಾಡಿದರು, ನೋಟುಬುಕ್ಕನ್ನೂ ಮುಟ್ಟಲಿಲ್ಲ.

ಹತ್ತು ದಿನಕ್ಕೆ ಪುಟ್ಟತಾಯಿ ಹೆಣ್ಣುಮಗು ಹೆತ್ತಳು. ದಿನ ಬಿಟ್ಟು ದಿನ ನೀರು; ಗೋಡೆಯಾಚೆಯಿಂದ ಸೀಗೆಪುಡಿಯ ವಾಸನೆ, ಹಂಡೆಯ ಹೊಗೆ, ಎರೆಯುವಾಗ ಮಗು ಕಿರುಚುವ ಸದ್ದು. ಕೇಳುತ್ತ ನನಗೆ ನಾನು ಮಾಡಿದ್ದು ಪುಣ್ಯವೇ ಅನ್ನಿಸಿತ್ತು.

ಮಗುವಿಗೆ ಇಪ್ಪತ್ತು ದಿನವಾಗಿದ್ದಾಗ ಒಂದು ಮಧ್ಯಾಹ್ನ ಹೊನ್ನಾಜಮ್ಮ ಕೂಗಿಕೊಂಡಳು. ಓಡಿ ಹೋದೆ. ಮುಂಗುಸಿ ಎಂದಿನಂತೆ ಕಲ್ಲುಗೋಡೆಯ ಮೇಲೆ ಬಿಸಿಲು ಕಾಯಿಸುತ್ತಿತ್ತಂತೆ. ಬೂದು ಕಲ್ಲಿನ ಮೇಲೆ ಕೆಂಡದಂತೆ ಕಾಣುತ್ತಿದ್ದುದು ಪಾಪ ಅದಕ್ಕೆ ಗೊತ್ತಿರಲಿಲ್ಲ. ಹದ್ದು ಒಂದು ಸುತ್ತೂ ಹಾಕದೆ ನೇರ ಎರಗಿ ಬೆನ್ನಿಗೆ ಉಗುರು ಹಾಕಿ ಮಾರೆತ್ತರ ಎತ್ತಿಯೇ ಬಿಟ್ಟಿತ್ತು. ಇದು ತಿರುಗಿ ಅದರ ಕಾಲು ಕಚ್ಚಿದ್ದರಿಂದ ಬಿಟ್ಟು ಹೋಗಿತ್ತು. ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಬೆನ್ನು ಸೀಳಿಕೊಂಡು ಕೂತು, ನಮ್ಮನ್ನು ಕಂಡೊಡನೆ ಹಲ್ಲು ತೋರಿಸಿತು. ನಮ್ಮವರು ಊಟ ಬಿಟ್ಟು ಬಂದು, ಅರಿಶಿನ ಕಲಸಿ ಕೋಲಿನ ತುದಿಗೆ ಹತ್ತಿ ಸುತ್ತಿ ಗಾಯಕ್ಕೆ ಹಚ್ಚಿದರು. ಹಚ್ಚುತ್ತ ಹಚ್ಚುತ್ತ, ತಿಂಗಳ ಮೇಲೆ ಮೊದಲ ಬಾರಿ ನನ್ನ ಮುಖ ನೋಡಿ ಹೇಳಿದರು: "ಅದಕ್ಕೆ ಅಂತ ಇದ್ದದ್ದು ಆ ಬೂದು ಒಂದೇ ಕಣೇ. ಅದನ್ನೂ ತೆಗೆದುಕೊಂಡೆವು."

"ನೀವಿಬ್ಬರೂ ತೆಗೆದುಕೊಂಡಿರಿ" ಎನ್ನಲಿಲ್ಲ. "ತೆಗೆದುಕೊಂಡೆವು" ಎಂದರು. ನನಗೆ ಬೈದಿದ್ದರೆ ಹಗುರವಾಗುತ್ತಿತ್ತು.

ಮಾರನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಎಲ್ಲಿಗೆಂದು ಕೇಳಿದರೆ, "ಮುಖ್ಯಾಧಿಕಾರಿಗಳಿಗೆ ಹೇಳಿ ಬರ್ತೀನಿ" ಎಂದರು.

ನಾನು ಬಾಗಿಲಿಗೆ ಅಡ್ಡ ನಿಂತೆ. "ನಿಮ್ಮ ಸತ್ಯಕ್ಕೆ ಆ ಕೂಸಿನ ನೀರು ನಿಲ್ಲಿಸ್ತೀರಾ?"

"ನೀರಿನ ವಿಷಯ ಕೈಮುಗಿದು ಕೇಳ್ಕೊಳ್ತೀನಿ. ಆದರೆ ಸುಳ್ಳು ಬರೆದ ಕೈಯಲ್ಲಿ ಇನ್ನೊಬ್ಬರ ಹಿತ್ತಲಿಗೆ ಹೋಗಲಾರೆ." ನನ್ನನ್ನು ಸರಿಸಲಿಲ್ಲ, ನಾನೇ ಸರಿಯುವ ತನಕ ನಿಂತಿದ್ದರು.

ಎರಡು ಗಂಟೆಯ ಮೇಲೆ ಮರಳಿದರು. ಮುಖ ಪೆಚ್ಚಾಗಿತ್ತು. ಕೆಲಸ ಹೋಯಿತೇ ಎಂದೆ. ಇಲ್ಲ. ದಂಡ ಹಾಕಿದರೇ ಎಂದೆ. ಇಲ್ಲ. ಒತ್ತಾಯ ಮಾಡಿದ ಮೇಲೆ ಹೇಳಿದರು. ಮುಖ್ಯಾಧಿಕಾರಿಗಳು ಎಲ್ಲ ಕೇಳಿಸಿಕೊಂಡು, ಎದ್ದು ಬಾಗಿಲು ಮುಚ್ಚಿ ಬಂದು, ತಗ್ಗಿದ ದನಿಯಲ್ಲಿ "ಗೋರಂಟಿನಾ? ಎಷ್ಟು ಹೊತ್ತು ಬಿಡಬೇಕು?" ಎಂದು ಕೇಳಿದರಂತೆ. ಅವರ ಅತ್ತೆಯ ಮನೆ ಬೂದು ಪೈಪಿನದು.

"ನೀವೇನಂದಿರಿ?"

"ಮೂರು ಗಂಟೆ ಅಂದೆ" ಎಂದರು. "ಕೇಳಿದ್ದಕ್ಕೆ ಸುಳ್ಳು ಹೇಳಕ್ಕಾಗುತ್ತಾ?"

ಗುಟ್ಟು ಮುಖ್ಯಾಧಿಕಾರಿಗಳ ಅತ್ತೆಯ ಮನೆಯಿಂದ ಅವರ ಓಣಿಗೆ, ಓಣಿಯಿಂದ ಪೇಟೆಗೆ ಇಳಿಯಲು ಮೂರು ದಿನ ಹಿಡಿಯಿತು. ಎರಡು ವಾರದಲ್ಲಿ ಊರಿನ ಗೋರಂಟಿ ಗಿಡಗಳೆಲ್ಲ ಬೋಳಾದವು. ಮದುಮಕ್ಕಳ ಕೈಗೆ ಹಚ್ಚಲು ಸೊಪ್ಪಿಲ್ಲ. ಇವರು ದಿನಕ್ಕೆ ಮೂವತ್ತು ಹಿತ್ತಲು ತಿರುಗಿ, ಬಟ್ಟೆ ಒದ್ದೆ ಮಾಡಿ ಒರೆಸಿ, "ಗೋರಂಟಿ ಹಾಕಿದ್ದಾರೆ, ಒದ್ದೆ ಬಟ್ಟೆಗೆ ಬಿಡಲಿಲ್ಲ" ಎಂದು ಎರಡನ್ನೂ ಬರೆದರು. ಗುಮಾಸ್ತ ಎರಡನೆಯದನ್ನಷ್ಟೇ ಓದಿದ. ನಿಯಮ ನಿಯಮವೇ. ಐನೂರು ಮನೆಗಳೂ ಕೆಂಪು ಪೈಪಿಗೆ ಬಂದವು. ಊರಿಗೆಲ್ಲ ಬೂದು ಉಳಿದದ್ದು ನಮ್ಮ ಮನೆಯೊಂದೇ. ಇವರ ಮುಂದೆ ಗೋರಂಟಿಯ ಹೆಸರೆತ್ತುವ ಧೈರ್ಯ ಈಗ ನನಗಿರಲಿಲ್ಲ.

ಹದ್ದುಗಳಿಗೂ ಸುದ್ದಿ ಹೋಯಿತೇನೋ, ಎಲ್ಲೆಲ್ಲಿಂದಲೋ ಬಂದವು. ಮಧ್ಯಾಹ್ನ ಹೊರಗೆ ನೋಡಿದರೆ ಒಂದೊಂದು ಹಿತ್ತಲಲ್ಲೂ ಒಬ್ಬೊಬ್ಬರು ಕೊಡೆ ಹಿಡಿದು ಕೂತಿರುತ್ತಿದ್ದರು. ಅಂಗಡಿಗಳೂ ಮಧ್ಯಾಹ್ನ ಬಾಗಿಲು ಹಾಕಿರುತ್ತಿದ್ದವು. ನಮ್ಮ ಮುಂಗುಸಿಯೊಂದು ಕಲ್ಲುಗೋಡೆಯ ಮೇಲೆ ಕಲ್ಲಾಗಿ ನಿದ್ದೆ ಮಾಡುತ್ತಿತ್ತು.

ಕೆಂಪು ಸರದಿಯ ದಿನ ಐನೂರು ನಲ್ಲಿಗಳು ಒಟ್ಟಿಗೆ ತಿರುಗಿದವು. ಟ್ಯಾಂಕು ಒಂದು ಗಳಿಗೆಯಲ್ಲಿ ಬರಿದಾಗಿ, ಪೈಪಿನಲ್ಲಿ ಬರೀ ಉಸ್ಸೆಂಬ ಗಾಳಿ ಬಂತು. ಬಿಳಿಯವರ ಸರದಿ ಕೆಂಪಿನ ಹಿಂದೆ. ಅವರಿಗೆ ಅದೂ ಇಲ್ಲ. ಕಪ್ಪಿನವರಿಗೆ ನಾಲ್ಕು ದಿನ ಕಾದರೂ ಕೆಸರು. ಪುಟ್ಟತಾಯಿಗೆ ಎರೆಯುವುದು ನಿಂತಿತು. ಹೊನ್ನಾಜಮ್ಮ ಕೂಸಿನ ಮೈಯನ್ನು ಬಟ್ಟೆಯಲ್ಲಿ ಒರೆಸಿ ಮಲಗಿಸುತ್ತಿದ್ದಳು. "ಎಲ್ಲರಿಗೂ ಆಗಲಿ ಅಂದ್ಕೊಂಡ್ರೆ ಯಾರಿಗೂ ಆಗಲಿಲ್ಲ ಮೇಷ್ಟ್ರಮ್ಮ" ಎಂದಳು. ಅವಳು ಹಾಗೆ ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ. ನಾವು ನಮ್ಮದಷ್ಟನ್ನೇ ನೋಡಿಕೊಂಡಿದ್ದೆವು.

ಹೀಗಿರುವಾಗ ಶನಿವಾರ ಬಂತು. ಶನಿವಾರ ಬೂದು ಸರದಿ. ಅಂದು ಟ್ಯಾಂಕಿನ ನೀರನ್ನು ಮೊದಲು ಬೂದು ಪೈಪಿಗೇ ಬಿಡಬೇಕೆಂದು ಕಾನೂನು, ಅದನ್ನು ಬದಲಾಯಿಸಲು ಯಾರಿಗೂ ತೋಚಿರಲಿಲ್ಲ. ಬೆಳಿಗ್ಗೆ ಎಂದಿನಂತೆ ಬಿಂದಿಗೆ ಇಟ್ಟು ನಲ್ಲಿ ತಿರುಗಿಸಿದೆ. ನೀರು ಬಿಂದಿಗೆಯನ್ನೇ ಉರುಳಿಸಿ ನನ್ನ ಸೀರೆಯೆಲ್ಲ ನೆನೆಸಿ ಎದುರು ಗೋಡೆಗೆ ಬಡಿಯಿತು. ಊರಿಗೆಲ್ಲ ಹಂಚಬೇಕಾಗಿದ್ದ ಟ್ಯಾಂಕು ನಮ್ಮೊಬ್ಬರ ಬಚ್ಚಲಿಗೆ ಇಳಿಯುತ್ತಿತ್ತು. "ರೀ! ಬನ್ನಿ ಇಲ್ಲಿ!" ಎಂದು ಕಿರುಚಿದೆ. ಇವರು ಓಡಿ ಬಂದು, ನೀರನ್ನು ನೋಡಿ, "ಬೂದು ಮುಂಗುಸಿ ಇರೋ ಮನೆಯವರಿಗೆ ಲಾಭ..." ಎಂದು ಏನೋ ಹೇಳಹೊರಟವರು ನನ್ನ ಮುಖ ನೋಡಿ, ನಲ್ಲಿ ತಿರುಗಿಸಿ ಧಾರೆ ಸಣ್ಣದು ಮಾಡಿದರು. ಆಮೇಲೆ ಹೋಗಿ ಬೀದಿ ಬಾಗಿಲನ್ನು ಹಾರುಹೊಡೆದು, "ನೀರು ಬಂದಿದೆ ಬನ್ನಿ!" ಎಂದು ಕೂಗಿದರು. ಇವರು ಬೀದಿಯಲ್ಲಿ ದನಿಯೆತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅರ್ಧ ಗಂಟೆಯಲ್ಲಿ ಸಾಲು ಮೂಲೆ ತಿರುಗಿತು. ಮಾತು ಬಿಟ್ಟಿದ್ದ ಎಪ್ಪತ್ತು ಮನೆಯವರೂ ಬಂದರು, ಕೊಡಗಳನ್ನು ಮುಂದಿಟ್ಟುಕೊಂಡು ಮಾತು ಶುರುಮಾಡಿದರು. ಮುಖ್ಯಾಧಿಕಾರಿಗಳ ಅತ್ತೆ ಬಂದರು. ದೊಡ್ಡರಂಗಪ್ಪನವರು ಒಂದು ಕೈಯಲ್ಲಿ ಕೊಳಗ, ಇನ್ನೊಂದು ಕಂಕುಳಲ್ಲಿ ಬಿಳಿ ಮುಂಗುಸಿ ಹಿಡಿದು ಸಾಲು ಬಿಟ್ಟು ಮುಂದೆ ಬಂದರು. ಮುಂಗುಸಿಯ ಮೈತುಂಬ ಒಲೆಯ ಬೂದಿ ಬಳಿದಿದ್ದರು.

"ಮೇಷ್ಟ್ರೇ, ಇದು ಮೊದಲಿಂದಲೂ ಬೂದೇ. ಮೊಟ್ಟೆ ತಿಂದು ತಿಂದು ಬೆಳ್ಳಗಾಗಿತ್ತು, ಅಷ್ಟೆ. ಈಗ ಬರ್ಕೊಂಬಿಡಿ."

ಇವರು ನಲ್ಲಿಯ ಕೆಳಗೆ ಅಂಗೈ ಒಡ್ಡಿ, ಆ ನೀರಿನಿಂದ ಮುಂಗುಸಿಯ ಬೆನ್ನು ಸವರಿದರು. ಬೆರಳಾಡಿದ ಜಾಗದಲ್ಲಿ ಮಲ್ಲಿಗೆಯಂಥ ಬಿಳಿ ಮೂಡಿತು. ಸಾಲಿನಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. "ಇದು ಬಿಳಿ ಕಣ್ರೀ" ಎಂದರು ಇವರು ಸಂಕೋಚದಿಂದ. "ನೀರು ತಗೊಂಡು ಹೋಗಿ, ಅದಕ್ಕೇನು. ಆದರೆ ಸಾಲಿನಲ್ಲಿ ಬನ್ನಿ."

ಸಾಲಿನ ಕೊನೆಯಲ್ಲಿ ಹೊನ್ನಾಜಮ್ಮ ನಿಂತಿದ್ದಳು. ಗೋಡೆಯಾಚೆಯವಳು, ಎಲ್ಲರಿಗಿಂತ ಮೊದಲು ಬರಬಹುದಿತ್ತು. ಇದೆಲ್ಲ ತನ್ನಿಂದಲೇ ಆಯಿತೆಂದು ತಲೆ ತಗ್ಗಿಸಿ ಹಿಂದೆ ನಿಂತಿದ್ದಳು. ಅವಳ ಹಿಂದೆ ಪುಟ್ಟತಾಯಿ, ತಲೆಗೆ ಬಟ್ಟೆ ಕಟ್ಟಿಕೊಂಡು ಕೂಸನ್ನು ಹೊದಿಸಿ ಎದೆಗೊತ್ತಿಕೊಂಡು. ನಾನು ಹೋಗಿ ಹೊನ್ನಾಜಮ್ಮನ ಕೈಯಿಂದ ಕೊಡ ಕಿತ್ತುಕೊಂಡು ತುಂಬಿಸಿ ತಂದೆ. ಹೆಂಗಸರೆಲ್ಲ ಕೂಸಿನ ಸುತ್ತ ನೆರೆದರು. ಬಾಣಂತನದ ಮನೆಗೆ ಯಾರೂ ಹೋಗಿರಲಿಲ್ಲ. ಎಲ್ಲರಿಗೂ ನೋಡುವ ಆತುರ.

"ಹೆಣ್ಣಂತೆ?"

"ಹೂಂ."

"ಬಣ್ಣ ಹೆಂಗಿದೆ? ತೆಗಿಯೇ ಹೊದಿಕೆ, ನೋಡೋಣ."

"ಅಪ್ಪನ ಬಣ್ಣಾನೋ ಅಮ್ಮನ ಬಣ್ಣಾನೋ?"

ಪುಟ್ಟತಾಯಿ ಹೊದಿಕೆ ಸರಿಸಲು ಅನುಮಾನಿಸಿದಳು. ಮುಖ್ಯಾಧಿಕಾರಿಗಳ ಅತ್ತೆಯೇ ಬೆರಳಿನಿಂದ ಎತ್ತಿ ಇಣುಕಿ, "ಇದನ್ನ ಏನನ್ನಬೇಕೋ... ಮೇಷ್ಟ್ರೇ ಇದ್ದಾರಲ್ಲ, ಅವರೇ ಹೇಳಲಿ" ಎಂದರು. ಎಲ್ಲರೂ ಇವರ ಕಡೆ ತಿರುಗಿದರು. ದೊಡ್ಡರಂಗಪ್ಪನವರೂ ಕತ್ತು ಉದ್ದ ಮಾಡಿದರು.

ಇವರು ಕೈ ಒರೆಸಿಕೊಂಡು ಹತ್ತಿರ ಹೋದರು. ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಕೂಸನ್ನು ನೋಡಿದರು. ಈ ಮನುಷ್ಯ ಕೇಳಿದ್ದಕ್ಕೆ ಸುಳ್ಳು ಹೇಳುವವರಲ್ಲ. ಕೂಸು ಕಣ್ಣು ಬಿಟ್ಟು, ಬಾಯಿಯನ್ನು ಅತ್ತಿತ್ತ ಆಡಿಸಿ, ಇವರು ಚಾಚಿದ ಬೆರಳನ್ನು ಹಿಡಿದು ಚೀಪಲು ಎಳೆಯಿತು.

"ಹಸಿದಿದೆ ಕಣಮ್ಮ" ಎಂದರು ಇವರು. "ಒಳಗೆ ಕರ್ಕೊಂಡು ಹೋಗಿ ಹಾಲು ಕೊಡು."